ನಮ್ಮ ವಾರ್ಡಿಗೆ ಟೈಲರ್ ಅಕ್ಕ ನಿಲ್ಲಲು ಒಪ್ಪಿದ್ದಾರೆ, ಈಗ ನಾವೇನು ಮಾಡಬೇಕು?

ಕೋಟೆ ಬೀದಿಯವನು

ಎಲ್ಲರಿಗೂ ನಮಸ್ಕಾರ. ಪುರಸಭೆ ಚುನಾವಣೆಯ ದಿನಾಂಕ ಇನ್ನೂ ಆಗಿಲ್ಲ. ಆದರೆ ನಮ್ಮ ವಾರ್ಡು ಸಾಮಾನ್ಯ ಮಹಿಳೆಗೆ ಬರುವ ಹಾಗಿದೆ ಅಂತ ಮೀಸಲಾತಿಯ ಕರಡು ಪಟ್ಟಿ ನೋಡಿದವರು ಹೇಳುತ್ತಿದ್ದಾರೆ. ಅದಕ್ಕೇ ಮೊನ್ನೆ ನಾವು ಏಳೆಂಟು ಜನ ಹೋಗಿ ಟೈಲರ್ ಅಕ್ಕನನ್ನು ಕೇಳಿದೆವು. ಮೊದಲು ಬೇಡ ಅಂದರು. ಎರಡನೇ ಸಲ ಹೋದಾಗ ಪಕ್ಷೇತರರಾಗಿ ನಿಲ್ಲಲು ಒಪ್ಪಿದರು. ಆದರೆ ಒಂದು ಮಾತು ಹೇಳಿದರು: "ಓಟು ಹಾಕ್ತೀವಿ ಅಂತ ಮಾತ್ರ ಹೇಳೋದಾದ್ರೆ ನಾನು ನಿಲ್ಲಲ್ಲ. ಗೆದ್ದ ಮೇಲೂ ಜೊತೆಗೆ ಕೆಲಸ ಮಾಡ್ತೀವಿ ಅಂದ್ರೆ ನಿಲ್ತೀನಿ."

ಅವರು ಯಾರು ಅಂತ ಹೊಸದಾಗಿ ಬಂದವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಎರಡು ಬೇಸಿಗೆ ಹಿಂದೆ ನಮ್ಮ ಬೀದಿಯ ಕೊನೇ ಹತ್ತು ಮನೆಗಳಿಗೆ ನೀರು ಬರುತ್ತಿರಲಿಲ್ಲ. ಮೇಲಿನ ಬೀದಿಯಲ್ಲಿ ಸಂಪು ತುಂಬಿ ರಸ್ತೆ ಮೇಲೆ ಹರಿಯುತ್ತಿತ್ತು, ನಮಗೆ ನಲ್ಲಿಯಲ್ಲಿ ಗಾಳಿ ಬರುತ್ತಿತ್ತು. ಎಲ್ಲರೂ ಕೂಗಾಡಿದೆವು, ಬಿಂದಿಗೆ ಇಟ್ಟು ರಸ್ತೆ ತಡೆದೆವು, ಎರಡು ದಿನ ಟ್ಯಾಂಕರ್ ಬಂತು, ಆಮೇಲೆ ಮತ್ತೆ ಅದೇ ಕಥೆ. ಅಕ್ಕ ಮಾತ್ರ ಹೊಲಿಗೆ ಅಳತೆ ಬರೆಯುವ ಪುಸ್ತಕದಲ್ಲಿ ಇಪ್ಪತ್ತು ದಿನ ಬರೆದಿಟ್ಟರು. ಯಾವ ದಿನ ವಾಲ್ವ್ ತೆರೆದರು, ಯಾವ ಬೀದಿಗೆ ಎಷ್ಟು ಹೊತ್ತು ನೀರು, ಕೊನೇ ಮನೆಗೆ ಎಷ್ಟು ಕೊಡ ಸಿಕ್ಕಿತು, ಎಲ್ಲ. ಆ ಪುಸ್ತಕ ತಗೊಂಡು ಕಚೇರಿಗೆ ಹೋಗಿ ಇಂಜಿನಿಯರ್ ಮುಂದೆ ಇಟ್ಟರು. ವಾಲ್ವ್‌ಮನ್‌ನನ್ನು ಬೈಯಲಿಲ್ಲ. ಅವನನ್ನೇ ಜೊತೆಗೆ ಕರೆದುಕೊಂಡು ಹೋಗಿ ನೋಡಿದರೆ ತಿರುವಿನಲ್ಲಿದ್ದ ಒಂದು ವಾಲ್ವ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಬದಲಾಯಿಸಿದ ಮೇಲೆ ಇವತ್ತಿನವರೆಗೂ ಕೊನೇ ಮನೆಗೆ ನೀರು ಹೋಗುತ್ತಿದೆ.

ನನಗೆ ಪುರಸಭೆಯಲ್ಲಿ ಬೇಕಾಗಿರುವುದು ಈ ಥರದವರು. ಯಾರು ಬರ್ತೀರಿ, ಏನು ಮಾಡಬಲ್ಲಿರಿ, ಇಲ್ಲಿ ಬರೆಯಿರಿ. ವಿರೋಧ ಇದ್ದರೂ ಬರೆಯಿರಿ.

ಸಂತೆಮೈದಾನ

ಅಕ್ಕ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನೆ ಬಟ್ಟೆಯೆಲ್ಲ ಹೊಲಿಯುವುದು ಅವರೇ. ಆದರೆ ಪಕ್ಷೇತರರಾಗಿ ನಿಂತು ಏನು ಮಾಡ್ತಾರೆ? 23 ಸದಸ್ಯರಲ್ಲಿ ಒಬ್ಬರು. ಅನುದಾನ ಬರೋದು ಶಾಸಕರ ಕಡೆಯಿಂದ, ಕ್ರಿಯಾಯೋಜನೆ ಆಗೋದು ಆಡಳಿತ ಪಕ್ಷದವರ ಮಾತಿನಂತೆ. ಶಾಸಕರಿಗೂ ಸಂಸದರಿಗೂ ಅಧ್ಯಕ್ಷರ ಆಯ್ಕೆಯಲ್ಲಿ ಓಟು ಬೇರೆ ಇದೆ. ಯಾವುದಾದರೂ ಪಕ್ಷದ ಟಿಕೆಟ್ ಕೇಳೋದು ಒಳ್ಳೇದಲ್ವಾ? ಒಳ್ಳೆಯವರು ಪಕ್ಷದಲ್ಲೂ ಇರಬಹುದು.

ಹಳೇ ಸದಸ್ಯ

ನಾನು ಒಂದು ಅವಧಿ ಪುರಸಭೆಯಲ್ಲಿ ಕೂತವನು, ಪಕ್ಷದ ಟಿಕೆಟ್ ಮೇಲೆ ಗೆದ್ದವನು. ಹಾಗಾಗಿ ಒಳಗಿನ ಮಾತು ಸ್ವಲ್ಪ ಹೇಳುತ್ತೇನೆ, ಉದ್ದ ಆಗುತ್ತೆ.

ಪಕ್ಷೇತರರು ಗೆಲ್ಲಲ್ಲ ಅನ್ನೋದು ತಪ್ಪು. 2018ರ ಆಗಸ್ಟ್ 31ಕ್ಕೆ ರಾಜ್ಯದ ನೂರಕ್ಕೂ ಜಾಸ್ತಿ ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ಆಯಿತಲ್ಲ, ಅದರಲ್ಲಿ ಕಾಂಗ್ರೆಸ್ 982, ಬಿಜೆಪಿ 929, ಜೆಡಿಎಸ್ 375 ವಾರ್ಡು ಗೆದ್ದವು. ಪಕ್ಷೇತರರು ಗೆದ್ದದ್ದು 329. ಮೂರನೇ ಪಕ್ಷಕ್ಕೆ ಹತ್ತಿರದ ಸಂಖ್ಯೆ ಅದು. ನಮ್ಮಂಥ ಊರಲ್ಲಿ ವಾರ್ಡಿಗೆ ಸಾವಿರದ ಆಸುಪಾಸು ಮತದಾರರು. ಮುಖ ನೋಡಿ ಓಟು ಹಾಕುವ ಚುನಾವಣೆ ಇದು.

ಗೆದ್ದ ಮೇಲೆ ಏನಾಯಿತು ಅನ್ನೋದು ಇನ್ನೊಂದು ಕಥೆ. ಸೆಪ್ಟೆಂಬರ್ 3ಕ್ಕೆ ಎಣಿಕೆ ಮುಗಿಯಿತು, ಮೆರವಣಿಗೆ ಆಯಿತು, ಹಾರ ಬಿತ್ತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವಿಷಯ ಕೋರ್ಟಿಗೆ ಹೋಯಿತು. 2020ರ ಅಕ್ಟೋಬರ್‌ವರೆಗೆ, ಅಂದರೆ ಎರಡು ವರ್ಷ, ನಾವು ಗೆದ್ದೂ ಸಭೆಯಲ್ಲಿ ಕೂರಲಿಲ್ಲ. ಆಡಳಿತಾಧಿಕಾರಿಯೇ ಎಲ್ಲ ನಡೆಸಿದರು. ಕೋವಿಡ್‌ನ ಮೊದಲ ಅಲೆ ಪೂರ್ತಿ ಹಾಗೇ ಹೋಯಿತು. ಮೊದಲ ಮೂವತ್ತು ತಿಂಗಳ ಅಧ್ಯಕ್ಷರ ಅವಧಿ 2023ರಲ್ಲಿ ಮುಗಿದ ಮೇಲೆ ಮತ್ತೆ ಅದೇ, 2024ರ ಆಗಸ್ಟ್‌ನಲ್ಲಿ ಮೀಸಲಾತಿ ಪಟ್ಟಿ ಬರುವವರೆಗೆ ಕಾಯಬೇಕಾಯಿತು. ಜನ ಬಂದು "ನಿಮ್ಮನ್ನ ಗೆಲ್ಲಿಸಿದ್ವಿ, ಚರಂಡಿ ಯಾಕೆ ಆಗಿಲ್ಲ" ಅಂತ ಕೇಳಿದಾಗ ಹೇಳೋಕೆ ಉತ್ತರ ಇರಲಿಲ್ಲ.

ಆ ಎರಡು ವರ್ಷ ಕೆಲಸ ಮಾಡಿದ ಸದಸ್ಯರೂ ಇದ್ದರು. ಅವರಿಗೆ ಅಧಿಕಾರ ಇರಲಿಲ್ಲ, ಆದರೆ ದಿನಾ ಬೆಳಗ್ಗೆ ಕಚೇರಿಗೆ ಹೋಗಿ ಅರ್ಜಿ ಹಿಂದೆ ಬೀಳುತ್ತಿದ್ದರು. ಅವರಲ್ಲಿ ಇಬ್ಬರು ಪಕ್ಷೇತರರು. ಅದಕ್ಕೇ ಹೇಳ್ತಿದ್ದೀನಿ, ಪಕ್ಷ ಇದ್ದರೆ ಅನುಕೂಲ ನಿಜ, ಆದರೆ ಪಕ್ಷದ ಬಲ ಇದ್ದೂ ಒಂದು ಸಭೆಯಲ್ಲೂ ಬಾಯಿ ತೆರೆಯದವರ ಪಕ್ಕದಲ್ಲಿ ನಾನು ಕೂತಿದ್ದೇನೆ. ಸಭೆಗೆ ಮೊದಲು ಅಜೆಂಡಾ ಮನೆಗೆ ಬರುತ್ತೆ. ಓದಿಕೊಂಡು ಬರುವವರು ನಾಲ್ಕೈದು ಜನ. ಉಳಿದವರು ಜಮಾ ಖರ್ಚಿನ ಪುಟ ತಿರುಗಿಸದೆ ಸಹಿ ಹಾಕಿ ಎದ್ದು ಹೋಗುತ್ತಾರೆ. ಅಲ್ಲಿ ಓದಿಕೊಂಡು ಬಂದ ಒಬ್ಬರು ಇದ್ದರೆ ಇಡೀ ಸಭೆಯ ಧಾಟಿ ಬದಲಾಗುತ್ತೆ, ಇದನ್ನ ಕಣ್ಣಾರೆ ನೋಡಿದ್ದೀನಿ.

ಸಂತೆಮೈದಾನ

ಸರ್, ಒಪ್ಪಿದೆ. ಆದರೆ ಅಧ್ಯಕ್ಷರ ಚುನಾವಣೆ ಹೊತ್ತಿಗೆ ಪಕ್ಷೇತರರಿಗೇ ಎಲ್ಲಿಲ್ಲದ ಬೆಲೆ ಬರುತ್ತೆ. ವ್ಯಾನ್ ಹತ್ತಿಸಿ ರೆಸಾರ್ಟಿಗೆ ಕರೆದುಕೊಂಡು ಹೋಗ್ತಾರೆ. ಅದೊಂದು ಭಯ ನನಗೆ.

ಹಳೇ ಸದಸ್ಯ

ಭಯ ಸರಿಯಾದದ್ದೇ. ಕಾನೂನಿನಲ್ಲಿ ಒಂದು ಕಟ್ಟು ಇದೆ. 1987ರ ಪಕ್ಷಾಂತರ ನಿಷೇಧ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೂ ಇದೆ, ಪಕ್ಷೇತರರಾಗಿ ಗೆದ್ದವರು ಆಮೇಲೆ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತೆ. ಆದರೆ ಪಕ್ಷ ಸೇರದೆಯೂ ಅದರ ಪರ ಕೈ ಎತ್ತಿ ಓಟು ಹಾಕಬಹುದು. ಅದನ್ನು ತಡೆಯೋಕೆ ಕಾನೂನು ಸಾಲದು. ನಾಮಪತ್ರ ಹಾಕುವ ಮೊದಲೇ ವಾರ್ಡಿನ ಜನರ ಮುಂದೆ ಮಾತಾಗಬೇಕು: ಅಧ್ಯಕ್ಷರಿಗೆ ಓಟು ಹಾಕುವ ಮೊದಲು ಅಕ್ಕ ಇಲ್ಲಿ ಬಂದು ಯಾರಿಗೆ, ಯಾಕೆ ಅಂತ ಹೇಳಬೇಕು. ಬದಲಿಗೆ ವಾರ್ಡಿಗೆ ಏನು ಕೇಳಿದರು ಅನ್ನೋದೂ ಹೇಳಬೇಕು.

ಕೋಟೆ ಬೀದಿಯವನು

ಇದನ್ನ ಅಕ್ಕನಿಗೆ ಓದಿ ಹೇಳಿದೆ. "ಹಾಗೇ ಮಾಡೋಣ, ಬರೆದು ಅಂಗಡಿ ಗೋಡೆಗೆ ಅಂಟಿಸ್ತೀನಿ" ಅಂದರು.

ಹೂವಿನ ಅಂಗಡಿ ಹತ್ತಿರ

ನಾನು ಹೆಣ್ಣುಮಗಳಾಗಿ ಒಂದು ಮಾತು ಕೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಮಹಿಳಾ ಮೀಸಲಾತಿ ವಾರ್ಡು ಅಂದ ತಕ್ಷಣ ನಿಲ್ಲೋದು ಹೆಂಡತಿ, ಆಳೋದು ಗಂಡ. ನಮ್ಮಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಇದೆ, ಆದರೆ ಕಚೇರಿಯಲ್ಲಿ ನೋಡಿದರೆ ಕುರ್ಚಿ ಮೇಲೆ ಕೂತಿರೋದು ಗಂಡಸರು. ಒಂದು ಸಲ ನಾನು ಖಾತೆ ಬದಲಾವಣೆಗೆ ಅಂತ ಹೋಗಿ ಅವಾಗಿನ ಸದಸ್ಯೆ ಬೇಕು ಅಂದರೆ, "ನಮ್ಮ ಸಾಹೇಬರಿಗೆ ಹೇಳಿ" ಅಂತ ಅವರ ಮನೆಯವರ ನಂಬರ್ ಕೊಟ್ಟರು. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಅಮ್ಮನ ಹೆಸರಿಗೆ ಮನೆ ಆಗಬೇಕಿತ್ತು, ಹೆಣ್ಣು ಸದಸ್ಯೆಯಾದರೆ ನಮ್ಮ ಕಷ್ಟ ಬೇಗ ಅರ್ಥ ಆಗುತ್ತೆ ಅಂತ ನಂಬಿ ಹೋಗಿದ್ದೆ. ಅವರನ್ನ ಕೊನೆವರೆಗೂ ನೋಡಲೇ ಇಲ್ಲ.

ಟೈಲರ್ ಅಕ್ಕನ ವಿಷಯದಲ್ಲಿ ನನಗೆ ಆ ಭಯ ಇಲ್ಲ. ಆದರೆ ಪ್ರಚಾರಕ್ಕೆ ಹೋಗುವಾಗ ಮುಂದೆ ಗಂಡಸರೇ ನಿಂತು ಭಾಷಣ ಮಾಡಿ, ಅಕ್ಕ ಹಿಂದೆ ಕೈ ಮುಗಿದು ನಿಂತಿರೋ ಹಾಗೆ ಆಗಬಾರದು. ಮನೆಗಳಿಗೆ ನಾವು ಹೆಂಗಸರು ಹೋಗ್ತೀವಿ. ಸಂಘದ ವಾರದ ಸಭೆ ಇರೋ ದಿನ ಸಂಜೆ ನಮಗೆ ಬಿಡುವು ಇರುತ್ತೆ. ಅಡುಗೆಮನೆವರೆಗೆ ಹೋಗಿ ಮಾತಾಡಬಲ್ಲೆವು, ಅದು ನಿಮ್ಮಿಂದ ಆಗಲ್ಲ.

ಕೋಟೆ ಬೀದಿಯವನು

ನೂರಕ್ಕೆ ನೂರು ಸರಿ. ಮೊನ್ನೆ ಕೇಳೋಕೆ ಹೋದ ಎಂಟು ಜನರಲ್ಲಿ ಆರು ಜನ ಗಂಡಸರೇ ಇದ್ದೆವು. ತಪ್ಪಾಗಿದೆ. ಮನೆ ಮನೆ ಭೇಟಿಯ ಜವಾಬ್ದಾರಿ ನಿಮ್ಮದೇ.

ಬೆಂಗಳೂರಲ್ಲಿರೋ ಊರಿನವನು

ಓದಿ ತುಂಬಾ ಖುಷಿಯಾಯಿತು. ನಾನಿಲ್ಲಿ ಕೆಲಸಕ್ಕೆ ಬಂದು ಹನ್ನೆರಡು ವರ್ಷ. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ನಾವು ನಾಲ್ಕೈದು ಸ್ನೇಹಿತರು ಸೇರಿ ಪೋಸ್ಟರ್, ಆಟೋ, ಮೈಕಿಗೆ ದುಡ್ಡು ಕಳಿಸ್ತೀವಿ, ಯಾರ ನಂಬರಿಗೆ ಹಾಕೋದು? ಓಟಿನ ದಿನ ಬಂದು ಓಟೂ ಹಾಕ್ತೀನಿ, ಇಲ್ಲೂ ಒಂದು ಕಾರ್ಡ್ ಇದೆ, ಅಲ್ಲೂ ಹೆಸರಿದೆ ಅನಿಸುತ್ತೆ.

ನಿವೃತ್ತ ಮೇಷ್ಟ್ರು

ಅಪ್ಪಾ, ಪ್ರೀತಿಯಿಂದ ಹೇಳ್ತೀನಿ, ಎರಡು ಕಡೆ ಹೆಸರು ಇರಬಾರದು. ಅದಕ್ಕೆ ಕಾನೂನು ಬಿಡಲ್ಲ. ಯಾವುದಾದರೂ ಒಂದನ್ನು ತೆಗೆಸಿಬಿಡು. ನೀನು ವಾಸ ಇರೋದು ಅಲ್ಲಿ, ಅಲ್ಲೇ ಇರಲಿ. ನಮ್ಮ ಅಭ್ಯರ್ಥಿಯ ಪರವಾಗಿ ಬಿದ್ದ ಒಂದು ತಪ್ಪು ಓಟು ಕೂಡ ಅವಳ ಹೆಸರು ಕೆಡಿಸುತ್ತೆ.

ದುಡ್ಡಿನ ವಿಷಯ. ಸುಮ್ನೆ ಯಾರದೋ ನಂಬರಿಗೆ ಹಾಕಬೇಡ. ಚುನಾವಣಾ ಖರ್ಚಿಗೆ ಮಿತಿ ಇದೆ, ಲೆಕ್ಕ ಬರೆದು ಆಯೋಗಕ್ಕೆ ಕೊಡಬೇಕು. ನೀನು ಬೇರೆ ಮಾಡಿಸಿ ಕಳಿಸಿದ ಪೋಸ್ಟರ್ ಕೂಡ ಅಭ್ಯರ್ಥಿಯ ಖರ್ಚಿಗೇ ಸೇರುತ್ತೆ. ಮೊದಲು ಖರ್ಚಿಗೆ ಅಂತ ಬೇರೆ ಖಾತೆ ಆಗಲಿ, ಲೆಕ್ಕ ಬರೆಯೋಕೆ ಒಬ್ಬರು ಕೂರಲಿ, ಆಮೇಲೆ ಕಳಿಸು. ಲೆಕ್ಕ ನಾನು ಬರೀತೀನಿ. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವನು, ಒಂದು ರೂಪಾಯಿ ಆಚೀಚೆ ಆಗಲ್ಲ.

ನಿನ್ನಿಂದ ಬೇಕಾಗಿರೋದು ಬೇರೆ ಇದೆ. ನಿಮ್ಮ ಅಪ್ಪ ಅಮ್ಮನಿಗೆ ಫೋನ್ ಮಾಡಿ ಅವರ ಹೆಸರು ಯಾವ ವಾರ್ಡಿನ ಪಟ್ಟಿಯಲ್ಲಿದೆ ಅಂತ ನೋಡಿಸು. ವಾರ್ಡಿನ ಗಡಿ ಬದಲಾದಾಗೆಲ್ಲ ಒಂದೇ ಮನೆಯ ಗಂಡ ಒಂದು ವಾರ್ಡಿಗೆ, ಹೆಂಡತಿ ಪಕ್ಕದ ವಾರ್ಡಿಗೆ ಹೋಗಿರೋದನ್ನ ನಾನು ಚುನಾವಣಾ ಡ್ಯೂಟಿಯಲ್ಲಿ ಎಷ್ಟೋ ಸಲ ನೋಡಿದ್ದೀನಿ. ಮತಗಟ್ಟೆಗೆ ಬಂದು ಹೆಸರು ಇಲ್ಲ ಅಂತ ವಾಪಸ್ ಹೋಗೋ ವಯಸ್ಸಾದವರ ಮುಖ ನೋಡೋಕಾಗಲ್ಲ. ವಾರ್ಡುವಾರು ಕರಡು ಪಟ್ಟಿ ಬಂದಾಗ ಆಕ್ಷೇಪಣೆಗೆ ಸಿಗೋದು ಕೆಲವೇ ದಿನ. ವಿಧಾನಸಭೆ ಪಟ್ಟಿಯಲ್ಲೇ ಹೆಸರಿಲ್ಲದಿದ್ದರೆ ಈಗಲೇ ಫಾರಂ 6 ಹಾಕಬೇಕು, ವಿಳಾಸ ಬದಲಾಗಿದ್ದರೆ ಫಾರಂ 8. ಪೋಸ್ಟರ್‌ಗಿಂತ ಮೊದಲು ಆಗಬೇಕಾದ ಕೆಲಸ ಇದು.

ಅಗಸರ ಬೀದಿ

ಎಲ್ಲ ಸರಿ, ಆದರೆ ಕೊನೇ ಎರಡು ರಾತ್ರಿ ಕವರ್ ಬರುತ್ತಲ್ಲ, ಅದಕ್ಕೇನು ಮಾಡ್ತೀರಿ? ಹೋದ ಸಲ ನಮ್ಮ ಬೀದಿಯಲ್ಲಿ ಇಬ್ಬರು ಕೊಟ್ಟರು. ನಮ್ಮಮ್ಮ ಎರಡೂ ಕಡೆಯದು ತಗೊಂಡರು. ಅವರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಮನೆ ಮನೆ ಪಾತ್ರೆ ತಿಕ್ಕಿ ತಿಂಗಳಿಗೆ ತರೋ ದುಡ್ಡಿನ ಅರ್ಧ ಒಂದೇ ರಾತ್ರಿಗೆ ಬಂತು.

ಹೂವಿನ ಅಂಗಡಿ ಹತ್ತಿರ

ನಿಮ್ಮಮ್ಮನನ್ನ ಯಾರೂ ಬೈಯಬಾರದು. ತಗೊಂಡವರನ್ನ ಕಳ್ಳರ ಥರ ನೋಡಿದರೆ ಅವರು ನಮ್ಮ ಹತ್ತಿರ ಮಾತೇ ಆಡಲ್ಲ. ನಾನು ಹೇಳೋದಿಷ್ಟೇ, ಕೊಡೋರು ಐದು ವರ್ಷದ ಲೆಕ್ಕದಲ್ಲಿ ಕೊಡ್ತಾರೆ. ಆ ದುಡ್ಡು ಎಲ್ಲಿಂದ ವಾಪಸ್ ತಗೋತಾರೆ? ನಮ್ಮ ರಸ್ತೆಯ ಸಿಮೆಂಟಿನಿಂದ. ಹೋದ ಸಲ ನಮ್ಮ ಓಣಿಗೆ ಹಾಕಿದ ಕಾಂಕ್ರೀಟು ಎರಡನೇ ಮಳೆಗೇ ಜಲ್ಲಿ ಬಿಟ್ಟಿತು, ನನ್ನ ಮಗು ಅಲ್ಲೇ ಬಿದ್ದು ಮಂಡಿಗೆ ಹೊಲಿಗೆ ಬಿತ್ತು. ಇದನ್ನ ಮನೆ ಮನೆಗೆ ಹೋಗಿ ನಿಧಾನಕ್ಕೆ ಹೇಳೋಣ. ಅಕ್ಕ ಒಂದು ರೂಪಾಯಿ ಹಂಚಲ್ಲ ಅನ್ನೋದನ್ನೂ ಮೊದಲ ದಿನವೇ ಹೇಳಿಬಿಡೋಣ, ಯಾರೂ ಕಾಯೋದು ಬೇಡ.

ಕಾಲೊನಿ ಹುಡುಗ

ಇಷ್ಟು ಹೊತ್ತು ಓದಿದೆ, ಈಗ ಬರೀತಿದ್ದೀನಿ. ನೀವೆಲ್ಲ ನಮ್ಮ ವಾರ್ಡು, ನಮ್ಮ ವಾರ್ಡು ಅಂತಿದ್ದೀರಿ. ಕೋಟೆ ಬೀದಿ ಆಯಿತು, ಹೂವಿನ ಅಂಗಡಿ ಆಯಿತು, ಸಂತೆಮೈದಾನ ಆಯಿತು. ಹಳ್ಳದ ಆಚೆ ಇರೋ ಪೌರಕಾರ್ಮಿಕರ ಕಾಲೊನಿಯೂ ಇದೇ ವಾರ್ಡು. ಒಬ್ಬರಾದರೂ ನಮ್ಮ ಹೆಸರು ಎತ್ತಿದ್ದೀರಾ?

ನನ್ನ ಅಪ್ಪ ಪೌರಕಾರ್ಮಿಕ. ಬೆಳಗ್ಗೆ ಐದೂವರೆಗೆ ಹೋಗ್ತಾರೆ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಅಂತ ಸರ್ಕಾರದ್ದೇ ಲೆಕ್ಕ ಇದೆ. 28 ಸಾವಿರ ಜನ ಇರೋ ಊರಿಗೆ 40 ಜನ ಬೇಕು. ನಮ್ಮಲ್ಲಿ ಅಷ್ಟು ಇಲ್ಲ, ಹಾಗಾಗಿ ಒಬ್ಬರು ಎರಡು ಬೀದಿ ಗುಡಿಸ್ತಾರೆ. ನೀವು ಹಸಿ ಕಸ, ಒಣ ಕಸ ಬೇರೆ ಮಾಡದೆ ಒಂದೇ ಬುಟ್ಟಿಗೆ ಹಾಕ್ತೀರಿ, ಒಡೆದ ಗಾಜೂ ಅದರಲ್ಲೇ ಇರುತ್ತೆ, ಅದನ್ನ ಕೈಯಲ್ಲಿ ಬೇರೆ ಮಾಡೋದು ನನ್ನಪ್ಪ. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಅಂತ ಶಾಲು ಹೊದಿಸಿ ಊಟ ಹಾಕ್ತಾರೆ. ಮಾರನೇ ದಿನ ಕೈಗವಸು ಕೇಳಿದರೆ ಸ್ಟಾಕ್ ಇಲ್ಲ.

ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂತ ತೆಗೆದಿಡಬೇಕು. ಅದು ಎಲ್ಲಿ ಹೋಯಿತು, ಯಾವ ಕೆಲಸಕ್ಕೆ ಹೋಯಿತು ಅಂತ ನಮ್ಮ ಕಾಲೊನಿಯಲ್ಲಿ ಯಾರಿಗೂ ಗೊತ್ತಿಲ್ಲ. ಹಳ್ಳ ತುಂಬಿದಾಗ ನಮ್ಮ ಮಕ್ಕಳು ಶಾಲೆಗೆ ಬರೋಕೆ ಒಂದೂವರೆ ಕಿಲೋಮೀಟರ್ ಸುತ್ತು ಹಾಕ್ತಾರೆ, ಒಂದು ಕಾಲುಸೇತುವೆ ಕೇಳಿ ಮೂರು ಅರ್ಜಿ ಕೊಟ್ಟಿದ್ದೀವಿ. ಟೈಲರ್ ಅಕ್ಕ ಕೋಟೆ ಬೀದಿಯ ಸದಸ್ಯೆ ಆಗ್ತಾರಾ, ವಾರ್ಡಿನ ಸದಸ್ಯೆ ಆಗ್ತಾರಾ? ಇದಕ್ಕೆ ಉತ್ತರ ಸಿಗೋವರೆಗೆ ನಮ್ಮ ಕಾಲೊನಿಯ ಓಟು ಕೇಳಬೇಡಿ.

ನಿವೃತ್ತ ಮೇಷ್ಟ್ರು

ಮಗಾ, ನೀನು ಹೇಳಿದ್ದು ಓದಿ ನನಗೆ ನಾಚಿಕೆಯಾಯಿತು. ನಿನ್ನ ಅಪ್ಪ ನನ್ನ ಮನೆ ಮುಂದೆ ದಿನಾ ಬರ್ತಾರೆ. ಅವರ ಹೆಸರು ನನಗೆ ಗೊತ್ತು, ಅವರ ಮನೆ ಎಲ್ಲಿ ಅಂತ ಗೊತ್ತಿಲ್ಲ.

ಕೋಟೆ ಬೀದಿಯವನು

ಉತ್ತರ ಕೊಡೋಕೆ ಎರಡು ದಿನ ತಗೊಂಡೆ, ಕ್ಷಮಿಸು. ಸುಮ್ನೆ ಮಾತಿನ ಉತ್ತರ ಕೊಡೋದು ಬೇಡ ಅಂತ ನಿನ್ನ ಬರಹವನ್ನ ಅಕ್ಕನಿಗೆ ಪೂರ್ತಿ ಓದಿ ಹೇಳಿದೆ. ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರಿನ ಪುಸ್ತಕ ಬರೆದಾಗ ನಾನೂ ನಮ್ಮ ಬೀದಿ ಮಾತ್ರ ಬರೆದೆ, ಹಳ್ಳದಾಚೆ ನೀರು ಬಂತಾ ಅಂತ ಕೇಳಲಿಲ್ಲ" ಅಂದರು. ನಿನ್ನೆ ಸಂಜೆ ನಾನು, ಅಕ್ಕ, ಹೂವಿನ ಅಂಗಡಿ ಹತ್ತಿರದವರು ಮೂರು ಜನ ಕಾಲೊನಿಗೆ ಬಂದಿದ್ದೆವು. ನೀನು ಕೆಲಸಕ್ಕೆ ಹೋಗಿದ್ದೆ ಅಂತ ನಿಮ್ಮಮ್ಮ ಹೇಳಿದರು. ಆ ಹಳ್ಳ ನಾನು ಹುಟ್ಟಿದಾಗಿನಿಂದ ಇಲ್ಲೇ ಇದೆ. ಅದನ್ನ ಕಾಲೊನಿ ಕಡೆಯಿಂದ ನಿಂತು ನೋಡಿದ್ದು ನಿನ್ನೆಯೇ ಮೊದಲು.

ನಾವು ಓಟು ಕೇಳಲಿಲ್ಲ. ಅಕ್ಕ ಇನ್ನೊಂದು ಪುಸ್ತಕ ತಂದಿದ್ದರು. ಮೂರು ಅರ್ಜಿಗಳ ದಿನಾಂಕ, ಸ್ವೀಕೃತಿ ಇದೆಯಾ, ಎಲ್ಲ ಬರೆದುಕೊಂಡರು. ಒಂದಕ್ಕೆ ಮಾತ್ರ ಸೀಲು ಹಾಕಿದ ಪ್ರತಿ ಸಿಕ್ಕಿತು. ಇವತ್ತು ಬೆಳಗ್ಗೆ ಅಕ್ಕನ ಹೆಸರಲ್ಲೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ, ಕಳೆದ ಮೂರು ವರ್ಷ ಶೇಕಡ 24.10ರ ದುಡ್ಡು ಯಾವ ಯಾವ ಕೆಲಸಕ್ಕೆ ಹೋಯಿತು ಅಂತ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು, ಅದಕ್ಕೇ ಕಾಲುಸೇತುವೆಗೆ ಬೇರೆ ಅರ್ಜಿ. 30 ದಿನದಲ್ಲಿ ಉತ್ತರ ಬರಬೇಕು. ಬಂದ ದಿನ ಇಲ್ಲಿ ಹಾಗೇ ಹಾಕ್ತೀನಿ. ಚುನಾವಣೆ ಮುಂದೆ ಹೋದರೂ, ಅಕ್ಕ ಸೋತರೂ ಈ ಅರ್ಜಿಗಳ ಹಿಂದೆ ಬೀಳೋದು ನಿಲ್ಲಲ್ಲ.

ಕಾಲೊನಿ ಹುಡುಗ

ಅಮ್ಮ ಹೇಳಿದರು. ಅಕ್ಕ ನಮ್ಮ ಮನೇಲಿ ಟೀ ಕುಡಿದರಂತೆ. ಕೇಳಿ ಕುಡಿದರಂತೆ. ಅಮ್ಮ ಇವತ್ತು ಬೆಳಗ್ಗೆಯಿಂದ ಅದನ್ನೇ ಎಲ್ಲರಿಗೂ ಹೇಳ್ತಿದ್ದಾರೆ.

ಓಟಿನ ಮಾತು ಈಗಲೇ ಆಡಲ್ಲ. ಆದರೆ ಮತದಾರರ ಪಟ್ಟಿ ನೋಡೋ ಕೆಲಸಕ್ಕೆ ನಾನು ಬರ್ತೀನಿ. ನಮ್ಮಲ್ಲಿ ಹದಿನೆಂಟು ತುಂಬಿದ ಹುಡುಗ ಹುಡುಗಿಯರು ಒಂಬತ್ತು ಜನ ಇದ್ದಾರೆ, ಯಾರದ್ದೂ ಹೆಸರು ಸೇರಿಲ್ಲ. ನನ್ನ ಫೋನಲ್ಲಿ ಫಾರಂ ತುಂಬೋಕೆ ಬರುತ್ತೆ.

ಸಂತೆಮೈದಾನ

ಮೊದಲು ವಿರೋಧ ಬರೆದವನು ನಾನೇ. ಪಕ್ಷದ ಬಗ್ಗೆ ನನ್ನ ಅನುಮಾನ ಈಗಲೂ ಪೂರ್ತಿ ಹೋಗಿಲ್ಲ, ಅನುದಾನ ತರೋದು ಕಷ್ಟ ಆಗುತ್ತೆ ಅಂತಲೇ ಅನಿಸುತ್ತೆ. ಆದರೆ ನಾಮಪತ್ರ ಹಾಕೋ ಮೊದಲೇ ಇಷ್ಟು ಕೆಲಸ ಆಗಿರೋದನ್ನ ನಾನು ಯಾವ ಅಭ್ಯರ್ಥಿಯಲ್ಲೂ ನೋಡಿಲ್ಲ. ನನ್ನ ಗೂಡ್ಸ್ ಆಟೋ ಇದೆ. ಪ್ರಚಾರಕ್ಕೆ ಬಳಸಿದರೆ ಬಾಡಿಗೆ ಎಷ್ಟು ಅಂತ ಲೆಕ್ಕಕ್ಕೆ ಬರೆಯಬೇಕು ಅಂದರೆ ಮೇಷ್ಟ್ರೇ, ಮಾರ್ಕೆಟ್ ದರವನ್ನೇ ಬರೆಯಿರಿ, ಮುಚ್ಚಿಡೋದು ಬೇಡ.

ಹಳೇ ಸದಸ್ಯ

ನನ್ನದೊಂದು ಸಲಹೆ. ಗೆದ್ದರೆ ತಿಂಗಳ ಸಾಮಾನ್ಯ ಸಭೆಗೆ ಮೊದಲು ಅಜೆಂಡಾವನ್ನ ವಾರ್ಡಿನಲ್ಲಿ ಓದೋಣ. ನಮ್ಮಂಥ ಚಿಕ್ಕ ಊರಿಗೆ ವಾರ್ಡು ಸಮಿತಿ ಮಾಡಲೇಬೇಕು ಅಂತ ಸಂವಿಧಾನದಲ್ಲಿ ಕಡ್ಡಾಯ ಇಲ್ಲ, ಅದು 3 ಲಕ್ಷ ಮತ್ತು ಅದಕ್ಕೂ ಜಾಸ್ತಿ ಜನ ಇರೋ ಊರಿಗೆ. ಆದರೆ ಮಾಡಬಾರದು ಅಂತ ಎಲ್ಲೂ ಇಲ್ಲ. ಅರಳಿಕಟ್ಟೆ ಒಂದು ಸಲ, ಕಾಲೊನಿ ಒಂದು ಸಲ. ಟೆಂಡರ್ ಪುಟ ಹೇಗೆ ಓದೋದು, ಅಂದಾಜು ಪಟ್ಟಿಯಲ್ಲಿ ಎಲ್ಲಿ ನೋಡಬೇಕು ಅಂತ ನಾನು ಅಕ್ಕನಿಗೆ ಹೇಳಿಕೊಡ್ತೀನಿ. ನಾನು ಸದಸ್ಯನಾದಾಗ ಇದನ್ನ ಯಾರೂ ಹೇಳಿಕೊಡಲಿಲ್ಲ, ಕಲಿಯೋಕೆ ಒಂದು ವರ್ಷ ಹೋಯಿತು.

ಕೋಟೆ ಬೀದಿಯವನು

ಹಾಗಾದರೆ ಭಾನುವಾರ ಬೆಳಗ್ಗೆ ಹತ್ತಕ್ಕೆ ಅರಳಿಕಟ್ಟೆ ಹತ್ತಿರ ಸೇರೋಣ. ಮೊದಲ ಕೆಲಸ ಮತದಾರರ ಪಟ್ಟಿ. ಎಲ್ಲರೂ ಮನೆಯವರ ಗುರುತಿನ ಚೀಟಿಯ ಫೋಟೋ ತನ್ನಿ. ಮಧ್ಯಾಹ್ನ ಮೂರಕ್ಕೆ ಅದೇ ಕೆಲಸ ಕಾಲೊನಿಯ ಸಮುದಾಯ ಭವನದಲ್ಲಿ. ಬೀದಿಗೆ ಒಬ್ಬರ ಥರ ಹಂಚಿಕೊಳ್ಳೋಣ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಅಕ್ಕ ಇರ್ತಾರೆ.

ಅಗಸರ ಬೀದಿ

ಅಮ್ಮ ಕೇಳಿದರು, ಅವರೂ ಬರಬಹುದಾ ಅಂತ. ಓದೋಕೆ ಬರಲ್ಲ ಅವರಿಗೆ. ಆದರೆ ನಮ್ಮ ಬೀದಿಯಲ್ಲಿ ಯಾರ ಮನೇಲಿ ಯಾರು ಇದ್ದಾರೆ, ಯಾರು ಮದುವೆಯಾಗಿ ಬೇರೆ ಊರಿಗೆ ಹೋದರು, ಯಾರು ತೀರಿಕೊಂಡರು, ಬಾಡಿಗೆಗೆ ಯಾರು ಬಂದರು, ಎಲ್ಲ ಬಾಯಲ್ಲೇ ಇದೆ.

ನಿವೃತ್ತ ಮೇಷ್ಟ್ರು

ಕರ್ಕೊಂಡು ಬಾ. ನಾನು ಹೆಸರು ಓದ್ತೀನಿ, ಅವರು ಹೇಳಲಿ. ನನ್ನ ಪಕ್ಕದ ಕುರ್ಚಿ ಅವರಿಗೆ.